ಪೆನ್ಸಿಲ್ ಕ್ಯಾಕ್ಟಸ್ ಕತ್ತರಿಸೋ ಮುಂಚೆ ಇದನ್ನ ಓದಿ

ಬಲಗಣ್ಣು ಈಗ ಸರಿಯಾಗಿದೆ, ಅದಕ್ಕೇ ಕೂತು ಬರೀತಿದೀನಿ. ಹೋದ ತಿಂಗಳು ಫೋನಿನ ಬೆಳಕನ್ನೂ ನೋಡೋಕಾಗ್ತಿರಲಿಲ್ಲ.

ಬೆಂಗಳೂರಿನ ಬಾಡಿಗೆ ಮನೆ, ನಾಲ್ಕಡಿ ಬಾಲ್ಕನಿ, ಮೂರು ವರ್ಷದಿಂದ ಸಕ್ಯುಲೆಂಟ್ ಅನ್ನೋ ನೀರು ತುಂಬಿಕೊಂಡ ದಪ್ಪ ಗಿಡಗಳ ಹುಚ್ಚು. ಎಚೆವೇರಿಯಾ ಎಲೆ ಕಿತ್ತು ಮಣ್ಣಿನ ಮೇಲೆ ಮಲಗಿಸಿ ಮರಿ ಮಾಡಿದೀನಿ, ಜೇಡ್ ಕೊಂಬೆ ಮುರಿದು ಚುಚ್ಚಿದೀನಿ, ಎಲ್ಲಾ ಬರಿಗೈಲೇ. ಆ ಸಲಿಗೆಯಲ್ಲೇ ಎಡವಿದ್ದು.

ನರ್ಸರಿಯೊಂದರಲ್ಲಿ ಪೆನ್ಸಿಲ್ ಕ್ಯಾಕ್ಟಸ್ ಅಂತ ಕೊಟ್ಟರು. ಎಲೆಯೇ ಇಲ್ಲದ ಹಸಿರು ಕಡ್ಡಿಗಳ ಗೊಂಚಲು, ನೋಡೋಕೆ ಚೆಂದ. "ಕಟ್ ಮಾಡಿ ಚುಚ್ಚಿಬಿಡಿ ಮೇಡಂ, ಸಾಯಲ್ಲ ಅದು" ಅಂದರು. ಮಾತು ಸುಳ್ಳಲ್ಲ. ಆದರೆ ಹಾಲಿನ ವಿಷಯ ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಭಾನುವಾರ ಬೆಳಿಗ್ಗೆ ಪೇಪರ್ ಹಾಸಿಕೊಂಡು ಅಡುಗೆಮನೆ ಕತ್ತರಿ ಹಿಡಿದು ಕೂತೆ. ಕತ್ತರಿಸಿದ ಕಡೆಯೆಲ್ಲ ಬಿಳಿ ಹಾಲು ಬುಳುಬುಳು ಅಂತ ಉಕ್ಕಿ ಪೇಪರ್ ಮೇಲೆ ತೊಟ್ಟಿಕ್ಕಿತು. ಕತ್ತರಿ ಅಂಟಂಟಾಯ್ತು. ಹತ್ತು ತುಂಡು ಮಾಡಿ, ಕೈಯನ್ನ ನಲ್ಲಿ ಕೆಳಗೆ ಹಿಡಿದು ನೈಟಿಗೆ ಒರೆಸಿಕೊಂಡೆ. ಈ ಹಾಲು ಬರೀ ನೀರಿಗೆ ಹೋಗಲ್ಲ, ಬೆರಳ ಸಂದಿಯಲ್ಲಿ ಹಾಗೇ ಕೂತಿರುತ್ತೆ. ಆಮೇಲೆ ಹಣೆ ಬೆವರು ಒರೆಸುವಾಗ ಕಣ್ಣೂ ಉಜ್ಜಿಕೊಂಡಿರಬೇಕು. ಉಜ್ಜಿದ್ದು ನೆನಪೇ ಇಲ್ಲ!

ಮೊದಲು ಸಣ್ಣಗೆ ಉರಿ. ಧೂಳು ಅಂದುಕೊಂಡು ನಾಲ್ಕು ಸಲ ನೀರು ಚಿಮುಕಿಸಿ ಸುಮ್ಮನಾದೆ. ಈ ಹಾಲಿನ ಕೆಟ್ಟ ಗುಣ ಅಂದ್ರೆ ನೋವು ಗಂಟೆಗಳು ಕಳೆದ ಹಾಗೆ ಏರುತ್ತೆ. ಸಂಜೆಗೆ ಕಣ್ಣು ಕೆಂಡ, ರೆಪ್ಪೆ ಊದಿ ಮುಚ್ಚಿಕೊಳ್ತು, ಟ್ಯೂಬ್‌ಲೈಟ್ ಕಡೆ ತಿರುಗಿದ್ರೆ ಸೂಜಿ ಚುಚ್ಚಿದ ಹಾಗೆ. ಫ್ರಿಜ್ಜಿನಲ್ಲಿ ಯಾರದೋ ಹಳೇ ಐ ಡ್ರಾಪ್ಸ್ ಇತ್ತು, ಅದನ್ನೂ ಹಾಕಿಕೊಂಡೆ. ಇದು ಎರಡನೇ ದಡ್ಡತನ.

ರಾತ್ರಿ ಹತ್ತಕ್ಕೆ ಕಣ್ಣಾಸ್ಪತ್ರೆ. ಡಾಕ್ಟ್ರು ಕಣ್ಣಿಗೆ ಕಿತ್ತಳೆ ಬಣ್ಣದ ದ್ರವ ಹಾಕಿ ನೀಲಿ ಬೆಳಕಲ್ಲಿ ನೋಡಿದರು. ಕಾರ್ನಿಯಾದ, ಅಂದ್ರೆ ಕಣ್ಣಿನ ಮುಂದಿನ ಪಾರದರ್ಶಕ ಪೊರೆಯ, ಮೇಲ್ಪದರ ಒಂದು ಕಡೆ ಸುಲಿದಿತ್ತು. ಏನು ಬಿತ್ತು ಅಂದ್ರೆ "ಕ್ಯಾಕ್ಟಸ್ ರಸ" ಅಂದೆ. ಫೋಟೋ ತೋರಿಸಿದ್ದಕ್ಕೆ ಪಕ್ಕದಲ್ಲಿದ್ದ ನರ್ಸ್ ಬಗ್ಗಿ ನೋಡಿ, "ಅಯ್ಯೋ, ಇದು ಕಳ್ಳಿ ಕಣ್ರೀ! ನಮ್ಮೂರಲ್ಲಿ ಬೇಲಿಗೆ ಹಾಕ್ತಾರೆ" ಅಂದರು.

ಹೌದು, ಕಳ್ಳಿ. ಮನೆಗೆ ಬಂದು ಕುಂಡದ ಚೀಟಿ ನೋಡಿದ್ರೆ ಸಣ್ಣಕ್ಷರದಲ್ಲಿ 'ಯುಫೋರ್ಬಿಯಾ ತಿರುಕಳ್ಳಿ' ಅಂತಲೇ ಇದೆ. 1753ರಲ್ಲಿ ಸಸ್ಯಶಾಸ್ತ್ರಜ್ಞ ಲಿನೇಯಸ್ ಇಟ್ಟ ಹೆಸರದು, ಮಲಯಾಳಂನ ತಿರುಕಳ್ಳಿಯನ್ನೇ ಎತ್ತಿಕೊಂಡದ್ದು. ಚೀಟಿ ಹೇಳ್ತಾನೇ ಇತ್ತು, ನಾನು ಪೆನ್ಸಿಲ್ ಅನ್ನೋದನ್ನಷ್ಟೇ ಓದಿದ್ದೆ. ಇದು ಕ್ಯಾಕ್ಟಸ್ಸೇ ಅಲ್ಲ, ಮೂಲ ಆಫ್ರಿಕಾದ್ದು. ನಮ್ಮಲ್ಲಿ ಪಾಪಾಸುಕಳ್ಳಿ ಅಂತಾರಲ್ಲ, ಅದು ಅಮೆರಿಕ ಖಂಡದಿಂದ ಬಂದ ನಿಜವಾದ ಕ್ಯಾಕ್ಟಸ್, ಅದಕ್ಕೆ ಈ ಹಾಲಿಲ್ಲ. ಎರಡನ್ನೂ ಕಳ್ಳಿ ಅಂತೀವಿ, ಗೊಂದಲ ಅಲ್ಲೇ ಶುರು. ಹಿರಿಯೂರಿಂದ ಅತ್ತೆ ಫೋನಲ್ಲಿ ಬೈದರು: "ಮೇಕೆನೂ ಬಾಯಿ ಹಾಕಲ್ಲ ಅದಕ್ಕೆ, ನೀನು ದುಡ್ಡು ಕೊಟ್ಟು ತಂದ್ಯಾ?"

ಮುಳ್ಳಿನ ಕ್ರೌನ್ ಆಫ್ ಥಾರ್ನ್ಸ್, ಕೋರಲ್ ಕ್ಯಾಕ್ಟಸ್ ಅಂತ ಮಾರೋ ಸುರುಳಿ ಗಿಡ, ಮೂರು ಏಣಿನ ಆಫ್ರಿಕನ್ ಮಿಲ್ಕ್ ಟ್ರೀ, ಎಲ್ಲಾ ಇದೇ ಯುಫೋರ್ಬಿಯಾ ಕುಲ. ಹೆಸರು ನಂಬಬೇಡಿ, ತುದಿಗೆ ಸೂಜಿ ತಾಗಿಸಿ ನೋಡಿ. ಬಿಳಿ ಹಾಲು ಬಂತಾ, ಗ್ಲೌಸು ಮತ್ತು ಕನ್ನಡಕ ಇಲ್ಲದೆ ಕತ್ತರಿ ಮುಟ್ಟಬೇಡಿ. ಕತ್ತರಿಸಿದ ತುದಿಯನ್ನ ತಣ್ಣೀರಲ್ಲಿ ಅದ್ದಿದ್ರೆ ಹಾಲು ನಿಲ್ಲುತ್ತೆ. ಒಂದು ವಾರ ನೆರಳಲ್ಲಿ ಒಣಗಿಸಿ ನೆಡಿ. ಕೈ, ಕತ್ತರಿ ಎರಡನ್ನೂ ಸೋಪಲ್ಲಿ ತೊಳೀರಿ. ಅಪ್ಪಿತಪ್ಪಿ ಕಣ್ಣಿಗೆ ಹೋದ್ರೆ ಚಿಮುಕಿಸೋದಲ್ಲ, ಲೆನ್ಸ್ ಇದ್ರೆ ತೆಗೆದು ಹರಿಯೋ ನೀರಿಗೆ 15-20 ನಿಮಿಷ ಕಣ್ಣು ಬಿಟ್ಟು ಹಿಡಿದು, ಅವತ್ತೇ ಡಾಕ್ಟ್ರ ಹತ್ತಿರ ಹೋಗಿ. ಗಿಡದ ಫೋಟೋ ತಗೊಂಡೇ ಹೋಗಿ. ರೋಸ್ ವಾಟರ್, ಎದೆಹಾಲು, ಮಿಕ್ಕಿದ ಡ್ರಾಪ್ಸ್ ಏನೂ ಬೇಡ.

ನನಗೆ ಹತ್ತು ದಿನ ಹಿಡೀತು. ಪಾಪೆ ಹಿಗ್ಗಿಸೋ ಔಷಧಿಯಿಂದ ಅಷ್ಟೂ ದಿನ ಅಕ್ಷರ ಮಸುಕು.

ಇನ್ನೊಂದು ಹೇಳಲಿಲ್ಲ. ಆ ಭಾನುವಾರವೇ ಎರಡು ತುಂಡನ್ನ ಮೊಸರಿನ ಡಬ್ಬಿಗೆ ನೆಟ್ಟು ಎದುರು ಮನೆಗೆ ಕೊಟ್ಟಿದ್ದೆ. ಅವರ ಮಗುವಿಗೆ ಎರಡು ವರ್ಷ. ಕಣ್ಣು ಬಿಟ್ಟ ಮೇಲೆ ಮೊದಲು ಓಡಿದ್ದು ಅಲ್ಲಿಗೇ. ಡಬ್ಬಿ ಕಿಟಕಿಯಲ್ಲಿ, ಮಗುವಿನ ಕೈಗೆಟುಕೋ ಹಾಗೇ ಇತ್ತು. "ಚಿಗುರ್ತಾ ಇದೆ ಅಕ್ಕಾ, ಯಾಕೆ ವಾಪಸ್ಸು?" ಅಂತ ಅವರಿಗೆ ಬೇಜಾರು. ಬದಲಿಗೆ ಜೇಡ್ ಕೊಟ್ಟು ತಂದೆ.