ಆರ್ಚರ್ ಸಿ6 ರೌಟರ್: ವೈರ್‌ನಾಗ ಎಷ್ಟು, ವೈಫೈನಾಗ ಎಷ್ಟು, ನಮ್ಮನೇಲಿ ಅಳೆದು ನೋಡಿದ್ದು

ನಮ್ದು ಬಳ್ಳಾರಿ ಕೌಲ್ ಬಜಾರ್, ಕೆಳಗ ಜೀನ್ಸ್ ಹೊಲಿಯೋ ಯೂನಿಟ್, ಮ್ಯಾಲೆ ಮನೆ. ಹಳೇ ಕಟ್ಟಡ, ಗೋಡೆ ಎಲ್ಲಾ ಕಲ್ಲಿಂದು, ಒಂದೂವರೆ ಅಡಿ ದಪ್ಪ. ಫೈಬರ್ ಕನೆಕ್ಷನ್ ಕೆಳಗಿನ ಆಫೀಸ್ ರೂಮಿಗೆ ಬರ್ತೈತೆ, 200 ಎಂಬಿಪಿಎಸ್ (ಸೆಕೆಂಡಿಗೆ 200 ಮೆಗಾಬಿಟ್) ಪ್ಲಾನ್. ಕಂಪನಿಯವರು ಕೊಟ್ಟ ಡಬ್ಬಿ ವೈಫೈ ಮ್ಯಾಲಕ್ಕೆ ಏರಲ್ಲ ಅಂತ ಟಿಪಿ-ಲಿಂಕ್ ಆರ್ಚರ್ ಸಿ6 ತಗೊಂಡೆ, ಕೇಬಲ್ ಹಾಕೋ ಹುಡುಗ ಬಂದು ಮೆಟ್ಟಿಲು ಪಕ್ಕದಾಗ ವೈರ್ ಎಳೆದು ಹಾಲ್‌ನಾಗ ರೌಟರ್ ಕೂಡ್ಸಿ ಹೋದ. ನಾಲ್ಕು ತಿಂಗಳು ಬಳಸಿದ ಮ್ಯಾಲೆ ಬರೀತಾ ಇದೀನಿ, ಯಾಕಂದ್ರ ಮೊದಲ್ನೇ ತಿಂಗಳು ಬರೆದಿದ್ರೆ ಈ ರೌಟರ್ ಬಗ್ಗೆ ಬರೀ ತಪ್ಪೇ ಬರೀತಿದ್ದೆ.

ಆಗಿದ್ದು ಏನಂದ್ರ, ಹೊಸ ರೌಟರ್ ಹಾಕಿದ್ರೂ ಸ್ಪೀಡ್ ಟೆಸ್ಟ್ ಮಾಡಿದಾಗೆಲ್ಲ 94. ಬೆಳಗ್ಗೆ ಮಾಡಿದ್ರೂ 94, ರಾತ್ರಿ 2 ಗಂಟೆಗೆ ಎದ್ದು ಮಾಡಿದ್ರೂ 94, ವೈಫೈ ಬ್ಯಾಡ ಅಂತ ಲ್ಯಾಪ್‌ಟಾಪಿಗೆ ನೇರ ವೈರ್ ಹಾಕಿದ್ರೂ 94. ದುಡ್ಡು ಕೊಡೋದು 200ಕ್ಕೆ. ಮೂರು ಸಲ ಕಂಪ್ಲೇಂಟ್ ಕೊಟ್ಟೆ. ಬಂದವರು ಕೆಳಗ ಅವರ ಡಬ್ಬಿ ಪಕ್ಕದಾಗೇ ನಿಂತು ಮೊಬೈಲ್‌ನಾಗ ಟೆಸ್ಟ್ ಮಾಡಿ, 200 ಬರ್ತಾ ಐತಲ್ಲಣ್ಣಾ, ನಿಮ್ ರೌಟರೇ ಸರಿ ಇಲ್ಲ ಅಂದ್ರು. ನಾನೂ ನಂಬಿಬಿಟ್ಟಿದ್ದೆ.

ವಾಪಸ್ ಮಾಡೋಕಿಂತ ಮುಂಚೆ ತಮ್ಮ ಒಂದು ಮಾತು ಹೇಳ್ದ, ಅಣ್ಣಾ ಇಂಟರ್ನೆಟ್ ಟೆಸ್ಟ್ ಮಾಡಿದ್ರ ಲೈನು, ಕೇಬಲ್ಲು, ರೌಟರು ಎಲ್ಲಾ ಸೇರಿ ಒಂದೇ ನಂಬರ್ ಬರ್ತೈತೆ, ಯಾವುದು ಕೆಟ್ಟೈತೆ ಅಂತ ಗೊತ್ತಾಗಲ್ಲ, ಬಿಡಿಬಿಡಿಯಾಗಿ ಅಳಿಬೇಕು ಅಂತ. ಐಪರ್ಫ್3 ಅಂತ ಒಂದು ಪುಕ್ಕಟೆ ಸಾಫ್ಟ್‌ವೇರ್ ಐತೆ. ಒಂದು ಕಂಪ್ಯೂಟರ್‌ನಾಗ ಅದನ್ನ ಸರ್ವರ್ ಮಾಡ್ಬೇಕು, ಇನ್ನೊಂದರಿಂದ ಅದಕ್ಕೆ ಡೇಟಾ ಕಳಿಸ್ಬೇಕು, ಇಂಟರ್ನೆಟ್ ಬ್ಯಾಡವೇ ಬ್ಯಾಡ, ಮನೆಯೊಳಗಿನ ಸ್ಪೀಡ್ ಅಷ್ಟೇ ಅಳೀತೈತೆ. ನನ್ ಲ್ಯಾಪ್‌ಟಾಪು ಅವನ ಲ್ಯಾಪ್‌ಟಾಪು ಎರಡಕ್ಕೂ ವೈರ್ ಹಾಕಿ ರೌಟರ್ ಹಿಂದಿನ ಪೋರ್ಟಿಗೆ ಚುಚ್ಚಿ 30 ಸೆಕೆಂಡ್ ಓಡಿಸಿದ್ವಿ. 940 ಎಂಬಿಪಿಎಸ್! ಉಲ್ಟಾ ದಿಕ್ಕಿನಾಗ ಮಾಡಿದ್ರೂ ಅಷ್ಟೇ. ಗಿಗಾಬಿಟ್ (ಅಂದ್ರ 1000 ಎಂಬಿಪಿಎಸ್) ಪೋರ್ಟಿಂದ ಬರಬಹುದಾದ್ದು ಹೆಚ್ಚುಕಮ್ಮಿ ಅಷ್ಟೇ, ಉಳಿದದ್ದು ಡೇಟಾ ತುಣುಕುಗಳ (ಪ್ಯಾಕೆಟ್) ಮ್ಯಾಲೆ ಹಾಕೋ ವಿಳಾಸದಂಥ ಹೆಡರಿಗೇ ಹೋಗ್ತೈತೆ. ಅಂದ್ರ ರೌಟರ್ ತಪ್ಪಿಲ್ಲ.

ಆಮೇಲೆ ಲ್ಯಾಪ್‌ಟಾಪ್ ಕೆಳಗ ತಗೊಂಡೋಗಿ ಕಂಪನಿ ಡಬ್ಬಿಗೇ ಸಣ್ಣ ವೈರ್ ಹಾಕಿ ಇಂಟರ್ನೆಟ್ ಟೆಸ್ಟ್ ಮಾಡಿದ್ವಿ, 203. ಲೈನ್ ತಪ್ಪೂ ಇಲ್ಲ. ಉಳಿದದ್ದು ಮೆಟ್ಟಿಲು ಪಕ್ಕ ಎಳೆದ ಆ ವೈರ್ ಒಂದೇ.

ರೌಟರಿಂದ ಕಿತ್ತು ಕ್ಲಿಪ್ ಕಿಟಕಿ ಬೆಳಕಿಗೆ ಹಿಡಿದು ನೋಡಿದೆ. ಒಳಗ 8 ತಂತಿ ಇರಬೇಕಾದ ಕಡೆ ನಾಲ್ಕೇ ಇದ್ವು, ಕಿತ್ತಳೆ ಜೋಡಿ, ಹಸಿರು ಜೋಡಿ ಅಷ್ಟೇ. ನೀಲಿ, ಬ್ರೌನ್ ತಂತಿ ಸಿಪ್ಪೆ ಹತ್ರಾನೇ ಕಟ್ ಮಾಡಿ ಬಿಟ್ಟಿದ್ದ. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು, ಅದಕ್ಕೇ ಲೈಟ್ ಹತ್ತುತೈತೆ, ನೆಟ್ ಬರ್ತೈತೆ, ಯಾರಿಗೂ ಅನುಮಾನ ಬರಲ್ಲ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. 100ರ ಲಿಂಕ್‌ನಾಗ ಕೈಗೆ ಸಿಗೋದು 94, 95. ಹಂಗಾಗಿ ನಿಮ್ಮನೇಲೂ ಯಾವಾಗ ನೋಡಿದ್ರೂ 94ಕ್ಕೇ ನಿಲ್ತಾ ಇದ್ರ ಮೊದಲು ವೈರ್ ನೋಡ್ರಿ, ಪೋರ್ಟ್ ನೋಡ್ರಿ. ಯುಎಸ್‌ಬಿಗೆ ಹಾಕೋ ಲ್ಯಾನ್ ಅಡಾಪ್ಟರ್ 100ರದ್ದು ಇದ್ರೂ ಹಿಂಗೇ ಆಗ್ತೈತೆ, ನಮ್ ತಮ್ಮನ ಹಳೇ ಅಡಾಪ್ಟರ್ ಹಂಗೇ ಇತ್ತು, ಅದನ್ನ ಬದಲಿಸಿದ ಮ್ಯಾಲೇ 940 ಕಂಡಿದ್ದು.

ಪರಿಚಯದ ಕಂಪ್ಯೂಟರ್ ಅಂಗಡಿ ಹುಡುಗನ್ನ ಕರೆಸಿ ಎರಡೂ ತುದಿಗೆ 8 ತಂತಿ ಹಾಕಿ ಕ್ರಿಂಪ್ ಮಾಡಿಸಿದೆ (ಅಂದ್ರ ಕ್ಲಿಪ್ ಒತ್ತಿ ಕೂಡ್ಸೋದು), 150 ರೂಪಾಯಿ ತಗೊಂಡ. ವೈರ್ ಕ್ಯಾಟ್ 5ಇ ದರ್ಜೆದು ಇತ್ತು, 100 ಮೀಟರ್ ತನಕ ಗಿಗಾಬಿಟ್ ತಡೀತೈತೆ, ಬದಲಿಸೋ ಪ್ರಶ್ನೆನೇ ಬರ್ಲಿಲ್ಲ. ಅವತ್ತಿಂದ ಮ್ಯಾಲೂ 200.

ಇನ್ನ ವೈಫೈ ವಿಷಯ. ರೌಟರ್ ಡಬ್ಬದ ಮ್ಯಾಲೆ 1200 ಅಂತ ಐತೆ, ಅದು ಎರಡು ವೈಫೈ ಬ್ಯಾಂಡ್, 5 ಗಿಗಾಹರ್ಟ್ಸ್‌ನ 867, 2.4 ಗಿಗಾಹರ್ಟ್ಸ್‌ನ 300 ಎರಡನ್ನೂ ಕೂಡಿಸಿ ದುಂಡು ಮಾಡಿ ಬರೆದದ್ದು, ಒಂದು ಮೊಬೈಲಿಗೆ ಅಷ್ಟೂ ಬರಲ್ಲ. ಆ 867 ಕೂಡ ಲಿಂಕ್ ಸ್ಪೀಡ್ (ರೌಟರು, ಮೊಬೈಲು ತಮ್ಮೊಳಗ ಒಪ್ಕೊಳ್ಳೋ ಲೆಕ್ಕದ ವೇಗ), ಕೈಗೆ ಬರೋದು ಅರ್ಧ ಇಲ್ಲಾ ಸ್ವಲ್ಪ ಜಾಸ್ತಿ, ಯಾಕಂದ್ರ ಗಾಳಿಯಾಗ ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು, ವೈರಿನಂಗ ಎರಡೂ ಕಡೆಯಿಂದ ಒಟ್ಟಿಗೆ ಹೋಗಲ್ಲ. ಒಂದು ಲ್ಯಾಪ್‌ಟಾಪ್ ವೈರ್‌ನಾಗೇ ಇಟ್ಟು ಇನ್ನೊಂದನ್ನ ಕೈಯಾಗ ಹಿಡ್ಕೊಂಡು ಮನೆಯೆಲ್ಲಾ ಓಡಾಡಿದೆ, ಒಂದೊಂದು ಜಾಗದಾಗ ಮೂರ್ಮೂರು ಸಲ, ಟಿವಿ, ಮಕ್ಕಳ ಮೊಬೈಲ್ ಎಲ್ಲಾ ಬಂದ್ ಮಾಡಿಸಿ. ಹಾಲ್‌ನಾಗ 5 ಗಿಗಾಹರ್ಟ್ಸ್ 540 ಕೊಟ್ಟಿತು. ಒಂದು ಕಲ್ಲಿನ ಗೋಡೆ ದಾಟಿ ಬೆಡ್‌ರೂಮಿಗೆ ಹೋದ್ರ 160. ಎರಡು ಗೋಡೆ ಆಚೆ ಅಡುಗೆಮನೆಯಾಗ 18, ಅದೂ ಬಂದ್ರ ಬಂತು ಇಲ್ಲಾಂದ್ರ ಇಲ್ಲ. ಅಲ್ಲೇ 2.4ಕ್ಕೆ ಹಾಕಿದ್ರ 35 ಬರ್ತೈತೆ, ಕಟ್ ಆಗಲ್ಲ. ಒಂದೂವರೆ ಅಡಿ ಕಲ್ಲು ಅಂದ್ರ ಯಾವ ರೌಟರಿಗೂ ಕಷ್ಟಾನೇ.

2.4 ರಾತ್ರಿ ಹೊತ್ತು 20ಕ್ಕೆ ಇಳೀತಿತ್ತು, ಅಕ್ಕಪಕ್ಕದವರ ವೈಫೈ 14 ಕಾಣ್ತಾವೆ ನಮ್ ಮನೇಲಿ. ಚಾನಲ್ (2.4ರೊಳಗಿನ ಒಂದೊಂದು ದಾರಿ) ಆಟೋದಿಂದ ತೆಗೆದು 11ಕ್ಕೆ ಹಾಕಿದೆ, 1, 6, 11 ಇವು ಮೂರೇ ಒಂದರ ಮ್ಯಾಲೊಂದು ಬೀಳದ ಚಾನಲ್ಲು. ಈಗ 30ರ ಕೆಳಗ ಹೋಗಲ್ಲ.

ಒಂದು ವಿಷಯ ನೆನಪಿರ್ಲಿ, 200 ಎಂಬಿಪಿಎಸ್ ಅಂದ್ರ ಡೌನ್‌ಲೋಡ್ ಮಾಡುವಾಗ ಸೆಕೆಂಡಿಗೆ 25 ಎಂಬಿ, 8 ಬಿಟ್ ಸೇರಿದ್ರ 1 ಬೈಟ್, ಅದಕ್ಕೇ 8ರಿಂದ ಭಾಗಿಸ್ಬೇಕು. ನಮ್ಮಪ್ಪಾಜಿ 25 ನೋಡಿ ಮೋಸ ಅಂತ ಸಿಟ್ಟಾಗಿದ್ರು.

ರೌಟರ್ ಬಗ್ಗೆ ಹೇಳೋದಾದ್ರ, ಐದೂ ಪೋರ್ಟ್ ಗಿಗಾಬಿಟ್, ಅದೊಂದಕ್ಕೇ ಈ ರೇಟಿಗೆ ತಗೋಬಹುದು. ಬಳ್ಳಾರಿ ಏಪ್ರಿಲ್ ಬಿಸಿಲಾಗೂ ನಮ್ಮದು ಒಂದು ದಿನ ಹ್ಯಾಂಗ್ ಆಗ್ಲಿಲ್ಲ, ಬೀರು ಮ್ಯಾಲಿಂದ ಇಳಿಸಿ ಗಾಳಿ ಆಡೋ ಕಡೆ ಇಟ್ಟೀನಿ. ಇದು ವೈಫೈ 5, ಹೊಸ ಮೊಬೈಲ್ ಇರೋರು ದುಡ್ಡಿದ್ರ ವೈಫೈ 6ರದ್ದು ನೋಡ್ರಿ. 200, 300ರ ಪ್ಲಾನಿಗೆ ಇದು ಧಾರಾಳ ಸಾಕು.

ಮುಂದಿನ ವಾರ ಅಡುಗೆಮನೆ ಕಡೆಗೆ ಒಂದು ವೈರ್ ಎಳೆಸಿ ಅಲ್ಲೊಂದು ಆಕ್ಸೆಸ್ ಪಾಯಿಂಟ್ (ವೈರಿಂದ ಬಂದ ನೆಟ್ಟನ್ನ ಅಲ್ಲೇ ವೈಫೈ ಮಾಡೋ ಡಬ್ಬಿ) ಹಾಕೋದೈತೆ. ಈ ಸಲ 8 ತಂತಿನೂ ಎದುರಿಗೇ ನಿಂತು ಎಣಿಸಿ ಕ್ರಿಂಪ್ ಮಾಡಿಸ್ತೀನಿ, ಆದ ಮ್ಯಾಲೆ ಅಲ್ಲಿ ಎಷ್ಟು ಬಂತು ಅಂತ ಇಲ್ಲೇ ಹಾಕ್ತೀನಿ.