ಹೆಚ್‌ಎಎಲ್ ಏರೋಸ್ಪೇಸ್ ಮ್ಯೂಸಿಯಂ: ರಫೇಲ್ ಬಗ್ಗೆ ವಾದ ಮಾಡೋರು ಒಂದ್ಸಲ ನೋಡ್ಕೊಂಡು ಬನ್ನಿ

ಬೆಂಗಳೂರಲ್ಲಿ ರಫೇಲ್ ಡೀಲ್ (ಫ್ರಾನ್ಸ್‌ನಿಂದ ಫೈಟರ್ ವಿಮಾನ ತಗೊಂಡಿದ್ದು) ಬಗ್ಗೆ ಅಭಿಪ್ರಾಯ ಇಲ್ದೇ ಇರೋರು ಕಮ್ಮಿ, ಆದ್ರೆ ಒಂದು ಫೈಟರ್ ವಿಮಾನದ ಪಕ್ಕ ನಿಂತು ಅದರ ಮೈ ಮೇಲಿನ ರಿವೆಟ್ (ತಗಡು ಜೋಡಿಸೋ ಮೊಳೆ) ಸಾಲು ನೋಡಿರೋರು ಇನ್ನೂ ಕಮ್ಮಿ. ಅದಕ್ಕೇ ಈ ರಿವ್ಯೂ. ಹಳೆ ಏರ್‌ಪೋರ್ಟ್ ರೋಡಲ್ಲಿ ಮಾರತ್ತಹಳ್ಳಿ ಕಡೆ ಹೋಗೋವಾಗ ಸರ್ಕಾರಿ ವಿಮಾನ ಕಂಪನಿ ಹೆಚ್‌ಎಎಲ್‌ನ (ಹಿಂದೂಸ್ತಾನ್ ಏರೋನಾಟಿಕ್ಸ್) ಮ್ಯೂಸಿಯಂ ಸಿಗುತ್ತೆ, 2001ರಲ್ಲಿ ಶುರುವಾಗಿದ್ದು, ನಾಲ್ಕು ಎಕರೆ ಜಾಗ, ದೇಶದ ಮೊದಲ ಏರೋಸ್ಪೇಸ್ ಮ್ಯೂಸಿಯಂ. ಮಕ್ಕಳಿಗೆ ತೋರಿಸೋಕೆ ಅಂತ ತುಂಬ ಜನ ಹೋಗ್ತಾರೆ, ಒಳ್ಳೇದೇ, ಆದ್ರೆ ನನ್ನ ಪ್ರಕಾರ ಇದು ದೊಡ್ಡೋರು ನೋಡ್ಬೇಕಾದ ಜಾಗ. ಅದ್ರಲ್ಲೂ "ಹೆಚ್‌ಎಎಲ್ ಕೈಲಿ ಆಗ್ತಿತ್ತು", "ಹೆಚ್‌ಎಎಲ್ ಕೈಲಿ ಆಗ್ತಿರ್ಲಿಲ್ಲ" ಅಂತ ರಫೇಲ್ ಕಟ್ಟೋ ವಿಷಯದಲ್ಲಿ ಎರಡು ಕಡೆಯಿಂದ ಕೂಗಾಡೋರು.

ನಾನು ಹೋಗಿದ್ದು ಚಿಕ್ಕಪ್ಪ ಮತ್ತೆ ಅವರ ಮಗನ ಜೊತೆ. ಚಿಕ್ಕಪ್ಪ ಇದೇ ಕಾರ್ಖಾನೇಲಿ ಫಿಟ್ಟರ್ ಆಗಿ ರಿಟೈರ್ ಆದೋರು, ಐಟಿಐ ಮುಗಿಸಿ ಅಪ್ರೆಂಟಿಸ್ ಆಗಿ ಸೇರಿದ್ದು, ಕೊನೇವರೆಗೂ ಶಾಪ್ ಫ್ಲೋರ್. ಮಗನೂ ವಿಮಾನದ ಕೆಲಸಾನೇ ಮಾಡ್ತಾನೆ, ಆದ್ರೆ ಅವನದು ಒಂದು ವೆಂಡರ್ ಕಂಪನಿ, ಕಾಂಟ್ರಾಕ್ಟ್ ಮೇಲೆ. ಇಬ್ಬರ ಕೈಲೂ ಒಂದೇ ಥರದ ಟೂಲು, ಇಬ್ಬರ ಸಂಬಳದ ಚೀಟಿ ಮಾತ್ರ ಬೇರೆ ಬೇರೆ, ಹಾಗಾಗಿ ಇವರಿಬ್ಬರ ಮಧ್ಯೆ ರಫೇಲ್ ವಿಷಯ ಬಂತಂದ್ರೆ ಬೇಗ ಮುಗಿಯಲ್ಲ.

ಒಳಗೆ ಎರಡು ದೊಡ್ಡ ಹಾಲ್ ಇದೆ. ಒಂದರಲ್ಲಿ ಫೋಟೋಗಳು, 1940ರಿಂದ ಒಂದೊಂದೇ ದಶಕ ನೋಡ್ಕೊಂಡು ಹೋಗ್ಬಹುದು. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ 1940ರ ಡಿಸೆಂಬರ್‌ನಲ್ಲಿ ಇಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಇದೇ ಮುಂದೆ ಹೆಚ್‌ಎಎಲ್ ಆಯ್ತು) ಶುರು ಮಾಡಿದ್ರು, ಆಗ ಮಿರ್ಜಾ ಇಸ್ಮಾಯಿಲ್ ದಿವಾನರು. ಮೈಸೂರು ರಾಜ್ಯ ಜಾಗಾನೂ ಕೊಡ್ತು, ದುಡ್ಡೂ ಹಾಕ್ತು. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ ರಫೇಲ್ ಕೆಲಸ ಬೆಂಗಳೂರಿಗೆ ಬರಲಿಲ್ಲ ಅಂದಾಗ ಈ ಊರಿನೋರಿಗೆ ಆದ ಬೇಜಾರು ಬರೀ ಪಾರ್ಟಿ ರಾಜಕೀಯ ಅಲ್ಲ. ವಿಮಾನಪುರ, ಮುರುಗೇಶಪಾಳ್ಯ, ಸಿ.ವಿ. ರಾಮನ್ ನಗರ ಈ ಕಡೆ ಮನೆಗೊಬ್ಬರು ಆ ಗೇಟಿನೊಳಗೆ ಹೋಗಿ ಬಂದೋರಿದ್ರು.

ಇನ್ನೊಂದು ಹಾಲ್ ಇಂಜಿನ್‌ಗಳದ್ದು, ಇಡೀ ಮ್ಯೂಸಿಯಂನಲ್ಲಿ ನಂಗೆ ತುಂಬ ಇಷ್ಟ ಆಗಿದ್ದು ಇದೇ. ಆರ್ಫಿಯಸ್, ಅಡೂರ್, ಗ್ಯಾರೆಟ್ ಇಂಜಿನ್‌ಗಳನ್ನ ಹತ್ತಿರದಿಂದ ನೋಡ್ಬಹುದು. ಆರ್ಫಿಯಸ್ ನೋಡ್ಬಿಟ್ಟು ಹೊರಗೆ ಬಂದು ಮರುತ್ ಮುಂದೆ ನಿಂತ್ಕೊಳ್ಳಿ, ಅದೇ ಕ್ರಮದಲ್ಲಿ ನೋಡಿ, ಉಲ್ಟಾ ಬೇಡ. ಮರುತ್ ನಮ್ಮಲ್ಲೇ ಡಿಸೈನ್ ಆದ ಮೊದಲ ಜೆಟ್ ಫೈಟರ್, ಜರ್ಮನಿಯ ಕುರ್ಟ್ ಟ್ಯಾಂಕ್ ಇಲ್ಲಿಗೆ ಬಂದು ನಮ್ಮೋರ ಜೊತೆ ಕೂತು ಮಾಡಿದ್ದು, 1961ರ ಜೂನ್ 17ಕ್ಕೆ ಮೊದಲ ಹಾರಾಟ, ಹಾರಿಸಿದ್ದು ಸುರಂಜನ್ ದಾಸ್. ದಿನಾ ಸುರಂಜನ್ ದಾಸ್ ರೋಡಲ್ಲಿ ಟ್ರಾಫಿಕ್‌ನಲ್ಲಿ ನಿಲ್ಲೋ ಎಷ್ಟು ಜನಕ್ಕೆ ಅವರು 1970ರಲ್ಲಿ ಇದೇ ಮರುತ್ ಟೆಸ್ಟ್ ಮಾಡ್ತಾ ತೀರ್ಕೊಂಡ್ರು ಅನ್ನೋದು ಗೊತ್ತು? ಅಷ್ಟು ಚೆನ್ನಾಗಿರೋ ವಿಮಾನಕ್ಕೆ ಬೇಕಾದ ಶಕ್ತಿಯ ಇಂಜಿನ್ ಕೊನೇವರೆಗೂ ಸಿಗಲೇ ಇಲ್ಲ, ಕಮ್ಮಿ ಶಕ್ತಿಯ ಆರ್ಫಿಯಸ್ಸನ್ನೇ ಎರಡು ಹಾಕಿ ಹಾರಿಸಿದ್ರು, ಒಟ್ಟು 147 ಕಟ್ಟಿದ್ರು, 71ರ ಯುದ್ಧದಲ್ಲೂ ಹೋರಾಡ್ತು, ಆಮೇಲೆ ಆ ಸಾಲು ನಿಂತೋಯ್ತು. ಡಿಸೈನ್ ಮಾಡಿದ ತಂಡ, ಕಟ್ಟಿದ ಕೈಗಳು ಎಲ್ಲಾ ಚದುರಿಹೋಯ್ತು, ಮುಂದಿನ ಸ್ವದೇಶಿ ಫೈಟರ್ ತೇಜಸ್ ಮೊದಲ ಸಲ ಹಾರಿದ್ದು 2001ರ ಜನವರಿ 4ಕ್ಕೆ. ಮಧ್ಯ ನಲವತ್ತು ವರ್ಷ. ನಂಗೆ ಈ ಮ್ಯೂಸಿಯಂನಲ್ಲಿ ಎದೆಗೆ ತಟ್ಟಿದ್ದು ಈ ನಲವತ್ತು ವರ್ಷ.

ಚಿಕ್ಕಪ್ಪ ಜಾಸ್ತಿ ಹೊತ್ತು ನಿಂತಿದ್ದು ಕಿರಣ್ ಅನ್ನೋ ತರಬೇತಿ ವಿಮಾನದ ಹತ್ರ. ರಿವೆಟ್ ಹೊಡೆಯೋಕೆ ಇಬ್ಬರು ಬೇಕು, ಹೊರಗಡೆಯಿಂದ ಒಬ್ಬ ರಿವೆಟ್ ಗನ್ ಹಿಡಿದಿರ್ತಾನೆ, ಒಳಗಡೆ ಇನ್ನೊಬ್ಬ ಕಾಣದ ಜಾಗದಲ್ಲಿ ಮೈ ಮುದುರ್ಕೊಂಡು ಡಾಲಿ (ರಿವೆಟ್‌ನ ಹಿಂದೆ ಹಿಡಿಯೋ ಲೋಹದ ತುಂಡು) ಒತ್ತಿಟ್ಕೊಂಡಿರ್ತಾನೆ, ಒಬ್ಬರ ಕೈ ಇನ್ನೊಬ್ಬರಿಗೆ ಗೊತ್ತಿರ್ಬೇಕು, ರಿವೆಟ್ ತಲೆ ಸ್ವಲ್ಪ ಎದ್ದು ನಿಂತ್ರೂ ಗಾಳಿ ತಡೆಯುತ್ತೆ, ಜಾಸ್ತಿ ಒತ್ತಿದ್ರೆ ಶೀಟ್ ಬಿರುಕು ಬಿಡುತ್ತೆ. "ಈ ಕೈ ಬರೋಕೆ ವರ್ಷಗಟ್ಟಲೆ ಬೇಕಪ್ಪ, ಪುಸ್ತಕ ಓದಿ ಬರಲ್ಲ, ಆರ್ಡರ್ ಇಲ್ಲ ಅಂತ ಎರಡು ವರ್ಷ ಸುಮ್ನೆ ಕೂರಿಸಿದ್ರೆ ಇರೋದೂ ಹೋಗುತ್ತೆ" ಅಂದ್ರು. ಅಲ್ಲಿಂದ ಮಾತು ನೇರ 108 ವಿಮಾನಕ್ಕೆ ಹೋಯ್ತು.

ಗೊತ್ತಿಲ್ದೇ ಇರೋರಿಗೆ ಹೇಳ್ತೀನಿ. 2007ರಲ್ಲಿ 126 ಫೈಟರ್‌ಗೆ ಟೆಂಡರ್ ಕರೆದಿದ್ರು, 18 ರೆಡಿ ತಗೊಳ್ಳೋದು, ಉಳಿದ 108 ಇಲ್ಲಿ ಹೆಚ್‌ಎಎಲ್‌ನಲ್ಲಿ ಲೈಸೆನ್ಸ್ ಮೇಲೆ ಕಟ್ಟೋದು ಅಂತ ಲೆಕ್ಕ. 2012ರ ಜನವರಿಯಲ್ಲಿ ರಫೇಲ್ ಆಯ್ಕೆ ಆಯ್ತು, ಆಮೇಲೆ ಮೂರು ವರ್ಷ ಮಾತುಕತೆ ಎಳೀತು, ಇಲ್ಲಿ ಕಟ್ಟಿದ ವಿಮಾನಕ್ಕೆ ಗ್ಯಾರಂಟಿ ಯಾರು ಕೊಡ್ಬೇಕು, ಎಷ್ಟು ಗಂಟೆ ಕೆಲಸ ಹಿಡಿಯುತ್ತೆ ಅನ್ನೋದ್ರಲ್ಲಿ ಸಿಕ್ಕಾಕೊಂಡ್ತು. 2015ರ ಏಪ್ರಿಲ್ 10ಕ್ಕೆ ಪ್ಯಾರಿಸ್‌ನಲ್ಲಿ ಪ್ರಧಾನಿ ಮೋದಿ 36 ರೆಡಿ ವಿಮಾನ ತಗೋತೀವಿ ಅಂತ ಘೋಷಿಸಿದ್ರು, 2016ರ ಸೆಪ್ಟೆಂಬರ್ 23ಕ್ಕೆ ಸಹಿ ಬಿತ್ತು, ಸುಮಾರು 59,000 ಕೋಟಿ ರೂಪಾಯಿ. ಅದರಲ್ಲಿ ಅರ್ಧದಷ್ಟು ಮೊತ್ತಕ್ಕೆ ಇಲ್ಲಿನ ಕಂಪನಿಗಳಿಗೆ ಕೆಲಸ ಕೊಡ್ಬೇಕು ಅನ್ನೋ ಆಫ್‌ಸೆಟ್ ಷರತ್ತು ಇತ್ತು, ರಫೇಲ್ ಮಾಡೋ ಡಸಾಲ್ಟ್ ಕಂಪನಿಯೋರು ರಿಲಯನ್ಸ್ ಜೊತೆ ಸೇರಿ ನಾಗಪುರದಲ್ಲಿ ಘಟಕ ಹಾಕಿದ್ರು. ಬೆಂಗಳೂರಿನ 108 ಹೋಯ್ತು.

2018ರಲ್ಲಿ ಇದು ಇಲ್ಲಿ ಬೀದಿ ಮಾತಾಯ್ತು. ಹೆಚ್‌ಎಎಲ್‌ಗೆ ಅಷ್ಟು ಸಾಮರ್ಥ್ಯ ಇರ್ಲಿಲ್ಲ ಅಂತ ಆಗಿನ ರಕ್ಷಣಾ ಮಂತ್ರಿ ನಿರ್ಮಲಾ ಸೀತಾರಾಮನ್ ಹೇಳಿದ್ರು, ಅವರು ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋದೋರು ಅನ್ನೋದು ಇಲ್ಲಿನೋರಿಗೆ ಇನ್ನಷ್ಟು ಚುಚ್ಚಿತ್ತು. ಆಗ ತಾನೇ ರಿಟೈರ್ ಆಗಿದ್ದ ಹೆಚ್‌ಎಎಲ್ ಮುಖ್ಯಸ್ಥ ಸುವರ್ಣ ರಾಜು ನಾವು ಕಟ್ಟಬಹುದಿತ್ತು ಅಂದ್ರು. ಅಕ್ಟೋಬರ್‌ನಲ್ಲಿ ರಾಹುಲ್ ಗಾಂಧಿ ಬಂದು ಮಿನ್ಸ್ಕ್ ಸ್ಕ್ವೇರ್ ಹತ್ರ ಹೆಚ್‌ಎಎಲ್‌ನೋರ ಜೊತೆ ಕೂತು ಮಾತಾಡಿದ್ರು. ಡಿಸೆಂಬರ್ 14ಕ್ಕೆ ಸುಪ್ರೀಂ ಕೋರ್ಟ್ ಅರ್ಜಿಗಳನ್ನ ವಜಾ ಮಾಡ್ತು, 2019ರ ನವೆಂಬರ್‌ನಲ್ಲಿ ಮರುಪರಿಶೀಲನೆ ಅರ್ಜಿಗಳೂ ಬಿದ್ವು. ಕೋರ್ಟ್ ನೋಡಿದ್ದು ಖರೀದಿ ಪ್ರಕ್ರಿಯೆ, ಬೆಲೆ, ಆಫ್‌ಸೆಟ್ ಪಾಲುದಾರನ ವಿಷಯದಲ್ಲಿ ತಾನು ಕೈ ಹಾಕ್ಬೇಕಾ ಅನ್ನೋದನ್ನ, ಬೇಡ ಅಂತು. ಊರಲ್ಲಿ ಉಳಿದಿದ್ದು ಬೇರೆ ಪ್ರಶ್ನೆ, ಆ ಕೆಲಸ, ಆ ಕಲಿಕೆ ಎಲ್ಲಿಗೆ ಹೋಯ್ತು ಅನ್ನೋದು.

ಚಿಕ್ಕಪ್ಪನ ವಾದ ಗಟ್ಟಿ ಇದೆ. ಫ್ರಾನ್ಸ್‌ನೋರಿಗಿಂತ ಹೆಚ್‌ಎಎಲ್‌ಗೆ 2.7 ಪಟ್ಟು ಗಂಟೆ ಬೇಕು ಅಂತ ಸರ್ಕಾರ ಕೋರ್ಟ್‌ಗೆ ಹೇಳಿತ್ತಲ್ಲ, ಅದಕ್ಕೆ ಅವರು ಹೇಳೋದು, ಮೊದಲನೇ ವಿಮಾನಕ್ಕೆ ಯಾರಿಗಾದ್ರೂ ಜಾಸ್ತಿ ಹಿಡಿಯುತ್ತೆ, ಐವತ್ತನೇದಕ್ಕೆ ಬರೋ ಹೊತ್ತಿಗೆ ಇಳಿಯುತ್ತೆ, ಆ ಇಳಿಯೋದೇ ಕಲಿಕೆ, ಅದಕ್ಕೇ ತಾನೇ ದುಡ್ಡು ಕೊಡೋದು. ಹೆಚ್‌ಎಎಲ್ ನಾಸಿಕ್‌ನಲ್ಲಿ ಸುಖೋಯ್ ಫೈಟರ್ ಕಟ್ಟಿದ್ದು ರಷ್ಯಾದಿಂದ ತರೋದಕ್ಕಿಂತ ದುಬಾರಿ ಆಯ್ತು ನಿಜ, ಆದ್ರೆ ಇವತ್ತು ಅವನ್ನ ಬಿಚ್ಚಿ ಓವರ್‌ಹಾಲ್ ಮಾಡೋದು ನಾವೇ ಅಂತಾರೆ. ಮಗ ಸುಮ್ನಿರಲಿಲ್ಲ. "ಅಪ್ಪ, ನೀವು ಹೇಳೋದೆಲ್ಲ ಸರಿ, ಆದ್ರೆ ಏರ್‌ಫೋರ್ಸ್‌ನೋರು ಎಷ್ಟು ವರ್ಷ ಕಾಯ್ಬೇಕು? ಹೇಳಿದ ಟೈಮಿಗೆ ಕೊಡ್ಲಿಲ್ಲ ಅಂದ್ರೆ ಆರ್ಡರ್ ಬೇರೆ ಕಡೆ ಹೋಗೇ ಹೋಗುತ್ತೆ" ಅಂದ. 2021ರ ಫೆಬ್ರವರಿಯಲ್ಲಿ 83 ತೇಜಸ್‌ಗೆ ಸುಮಾರು 48,000 ಕೋಟಿ ಆರ್ಡರ್ ಬಂತು, 2025ರ ಸೆಪ್ಟೆಂಬರ್‌ನಲ್ಲಿ ಇನ್ನೂ 97ಕ್ಕೆ 62,370 ಕೋಟಿ, ಆದ್ರೆ 2024ಕ್ಕೆ ಶುರು ಆಗ್ಬೇಕಿದ್ದ ಡೆಲಿವರಿ ತಡವಾಯ್ತು, ಅಮೆರಿಕದಿಂದ ಬರ್ಬೇಕಿದ್ದ ಜಿಇ ಇಂಜಿನ್ ಲೇಟು ಅನ್ನೋದು ಒಂದು ದೊಡ್ಡ ಕಾರಣ. ಮರುತ್ ಕಥೆ ಹೇಳಿದ್ನಲ್ಲ, ಅದಾಗಿ ಅರವತ್ತು ವರ್ಷದ ಮೇಲೂ ಇಂಜಿನ್ನೇ ನಮ್ಮನ್ನ ಕಟ್ಟಿಹಾಕಿದೆ, ನಮ್ಮದೇ ಆದ ಕಾವೇರಿ ಇಂಜಿನ್ನು ಇದೇ ಊರಲ್ಲಿ ದಶಕಗಳ ಕಾಲ ನಡೆದ ಪ್ರಯತ್ನ, ತೇಜಸ್‌ಗೆ ಅದು ಆಗಿ ಬರಲಿಲ್ಲ.

ಔಟ್‌ಸೋರ್ಸಿಂಗ್ ಅಂದ ತಕ್ಷಣ ಬರೀ ನಾಗಪುರ ನೆನಪಾಗುತ್ತೆ, ಆದ್ರೆ ಮ್ಯೂಸಿಯಂನಲ್ಲಿರೋ ಎಲ್‌ಸಿಎ (ತೇಜಸ್‌ನ ಮೊದಲ ಹೆಸರು) ನೋಡ್ತಾ ಮಗ ಒಂದೊಂದೇ ಭಾಗ ತೋರಿಸಿದ. ಈಗಿನ ತೇಜಸ್‌ನ ರೆಕ್ಕೆ ಕೊಯಮತ್ತೂರಿನ ಎಲ್ ಅಂಡ್ ಟಿ, ನಡು ಭಾಗ ಹೈದರಾಬಾದಿನ ವೆಮ್, ಹಿಂಭಾಗ ಬೆಂಗಳೂರಿನ ಆಲ್ಫಾ ಟೋಕೋಲ್, ಹೀಗೆ ಹಂಚಿಹೋಗಿದೆ. ಇದರಲ್ಲಿ ತಪ್ಪೇನಿಲ್ಲ, 180 ವಿಮಾನ ಒಂದೇ ಶೆಡ್‌ನಲ್ಲಿ ಟೈಮಿಗೆ ಸರಿಯಾಗಿ ಆಗಲ್ಲ. ಇನ್ನೊಂದು ಕಡೆ ರಫೇಲ್ ಮೈಯನ್ನೇ ಟಾಟಾದೋರು ಹೈದರಾಬಾದಿನಲ್ಲಿ ಕಟ್ಟೋದಕ್ಕೆ 2025ರ ಜೂನ್‌ನಲ್ಲಿ ಒಪ್ಪಂದ ಆಗಿದೆ, ವರ್ಷಕ್ಕೆ 24ರವರೆಗೂ ಕಟ್ಟೋ ಲೆಕ್ಕ. ಇದನ್ನ ಕೇಳಿ ಚಿಕ್ಕಪ್ಪ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ, ಆಮೇಲೆ "ಅಂದ್ರೆ ಈ ದೇಶದೋರ ಕೈಲಿ ಆಗುತ್ತೆ ಅಂತ ಆಯ್ತಲ್ಲ" ಅಂದ್ರು. ನಂಗೆ ಅದಕ್ಕಿಂತ ಒಳ್ಳೆ ಮಾತು ಹೊಳೀಲಿಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಸರ್ಕಾರಿ ಕಂಪನಿ ಒಳ್ಳೇದಾ ಪ್ರೈವೇಟ್ ಒಳ್ಳೇದಾ ಅನ್ನೋ ಜಗಳದಲ್ಲಿ ಮುಖ್ಯವಾದ್ದು ಕಳೆದುಹೋಗ್ತಿದೆ. ಕೆಲಸ ಎಲ್ಲಿಗಾದ್ರೂ ಹೋಗ್ಲಿ, ಅದರ ಜೊತೆ ಕೆಲಸದ ಭದ್ರತೆನೂ ಹೋಗ್ಬೇಕು. ಚಿಕ್ಕಪ್ಪನ ಕಾಲದಲ್ಲಿ ಅದೇ ರಿವೆಟ್ ಹೊಡೆದೋರಿಗೆ ಟೌನ್‌ಶಿಪ್, ಕ್ಯಾಂಟೀನ್, ಆಸ್ಪತ್ರೆ, ಪೆನ್ಷನ್ ದುಡ್ಡು ಎಲ್ಲಾ ಇತ್ತು, ಹಾಗಾಗಿ ಮೂವತ್ತು ವರ್ಷ ಒಂದೇ ಕಡೆ ಇದ್ದು ಕೈ ಪಳಗಿಸಿಕೊಂಡ್ರು, ಹಿಂದಿನಿಂದ ಬಂದ ಹುಡುಗರಿಗೆ ಕಲಿಸಿದ್ರು. ಮಗನ ಜೊತೆ ಸೇರಿದ ಹುಡುಗರು ಕಾಂಟ್ರಾಕ್ಟ್ ರಿನ್ಯೂ ಆಗುತ್ತೋ ಇಲ್ವೋ ಅನ್ನೋ ಚಿಂತೇಲಿ ಎರಡು ಸಾವಿರ ಜಾಸ್ತಿ ಸಿಕ್ಕಿದ ಕಡೆ ಹೋಗ್ಬಿಡ್ತಾರೆ, ಅವರನ್ನ ಬೈಯೋಕಾಗಲ್ಲ, ಆದ್ರೆ ಕಲಿತ ಕೈ ವಿಮಾನ ಬಿಟ್ಟು ಕಾರ್ ಶೋರೂಮ್‌ಗೆ ಹೋಗುತ್ತೆ. ಮರುತ್ ಮುಗಿದ ಮೇಲೆ ಆದದ್ದು ಇದೇ, ಆಗ ಆರ್ಡರ್ ಇಲ್ದೆ ಚದುರಿದ್ರು, ಈಗ ಆರ್ಡರ್ ಇದ್ದೂ ಚದುರ್ತಿದಾರೆ. ಇದು ನಂಗೆ ನಿಜವಾಗ್ಲೂ ಭಯ ಹುಟ್ಟಿಸುತ್ತೆ. 108 ವಿಮಾನ ಹೋಯ್ತು ಅಂತ ಅಷ್ಟು ಗಲಾಟೆ ಮಾಡಿದ ಎಲ್ಲಾ ಪಕ್ಷದೋರೂ 180 ತೇಜಸ್ ಕಟ್ಟೋ ಕೈಗಳಿಗೆ ಎಂಥ ಕೆಲಸ ಸಿಗ್ತಿದೆ ಅಂತ ಅಷ್ಟೇ ಜೋರಾಗಿ ಕೇಳ್ಬೇಕು.

ಮ್ಯೂಸಿಯಂಗೆ ವಾಪಸ್ ಬರೋಣ. ಮೋಷನ್ ಸಿಮ್ಯುಲೇಟರ್, ಎಟಿಸಿ (ವಿಮಾನ ಸಂಚಾರ ನಿಯಂತ್ರಣ) ಟವರ್ ಮಾದರಿ ಮಕ್ಕಳಿಗೆ ಖುಷಿ ಕೊಡುತ್ತೆ. ಹೊರಗೆ ಹೆಚ್‌ಟಿ-2 ತರಬೇತಿ ವಿಮಾನ, ಅಜೀತ್ ಫೈಟರ್, ಕ್ಯಾನ್‌ಬೆರಾ ಬಾಂಬರ್, ಪೈಲಟ್ ಇಲ್ಲದ ಲಕ್ಷ್ಯ ಇದಾವೆ, ಮಿಗ್-21 ಕೂಡ ಇದೆ, ಅದು 2025ರ ಸೆಪ್ಟೆಂಬರ್ 26ಕ್ಕೆ ವಾಯುಪಡೆಯಿಂದ ನಿವೃತ್ತಿ ಆದ್ಮೇಲೆ ಅದರ ಮುಂದೆ ಫೋಟೋ ತೆಗೆಸ್ಕೊಳ್ಳೋಕೆ ಇನ್ನೊಂದು ಕಾರಣ ಸಿಕ್ಕಿದೆ. ಅಜೀತ್ ನೋಡೋವಾಗ ಒಂದು ನೆನಪಿಟ್ಕೊಳ್ಳಿ, ಬ್ರಿಟಿಷರ ನ್ಯಾಟ್ ಫೈಟರನ್ನ ಲೈಸೆನ್ಸ್ ಮೇಲೆ ಕಟ್ಟಿ ಕಟ್ಟಿ ಕಲಿತ ಮೇಲೆ ನಮ್ಮೋರೇ ಸುಧಾರಿಸಿ ಮಾಡಿದ್ದು ಅದು, ಲೈಸೆನ್ಸ್ ಮೇಲೆ ಕಟ್ಟೋದ್ರಿಂದ ಏನು ಲಾಭ ಅನ್ನೋರಿಗೆ ಉತ್ತರ ಅಲ್ಲೇ ನಿಂತಿದೆ. ವಿಮಾನಗಳು ಬಯಲಲ್ಲಿರೋದ್ರಿಂದ ಬೆಳಿಗ್ಗೆನೇ ಹೋಗಿ, ಮಧ್ಯಾಹ್ನದ ಬಿಸಿಲು ಕಷ್ಟ, ಸಂಜೆ ಆ ರೋಡಿನ ಟ್ರಾಫಿಕ್ ಇನ್ನೂ ಕಷ್ಟ. ಅರ್ಧ ದಿನ ಸಾಕು.

ನಂದು 5ಕ್ಕೆ 4. ಆ ಇನ್ನೊಂದು ಅಂಕ, ಶಾಪ್ ಫ್ಲೋರ್‌ನಲ್ಲಿ ಕೆಲಸ ಮಾಡಿದೋರ ಅನುಭವವನ್ನೇ ಮುಖ್ಯ ಮಾಡ್ಕೊಂಡು ಒಂದು ದೊಡ್ಡ ಭಾಗ ಬಂದ್ರೆ ಅವತ್ತು ಕೊಡ್ತೀನಿ, ಜಿಗ್ (ಭಾಗಗಳನ್ನ ಸರಿಯಾಗಿ ಹಿಡಿದಿಡೋ ಚೌಕಟ್ಟು), ಡಾಲಿ, ರಿವೆಟ್ ಗನ್ ಕೈಲಿ ಹಿಡಿದು ನೋಡೋ ಹಾಗೆ. ಐಟಿಐ, ಡಿಪ್ಲೊಮಾ ಹುಡುಗ್ರನ್ನ ಕರ್ಕೊಂಡು ಹೋಗೋ ಮೇಷ್ಟ್ರುಗಳು ಇಂಜಿನ್ ಹಾಲ್‌ಗೆ ಜಾಸ್ತಿ ಟೈಮ್ ಇಟ್ಕೊಳ್ಳಿ, ಸಾಧ್ಯ ಆದ್ರೆ ರಿಟೈರ್ ಆದ ಫಿಟ್ಟರ್ ಒಬ್ಬರನ್ನ ಜೊತೇಲಿ ಕರ್ಕೊಂಡು ಹೋಗಿ, ವಿಮಾನಪುರದ ಸುತ್ತಮುತ್ತ ವಿಚಾರಿಸಿದ್ರೆ ಖಂಡಿತ ಸಿಗ್ತಾರೆ, ಕೇಳಿದ್ರೆ ಖುಷಿಯಿಂದ ಬರ್ತಾರೆ.