ಕಿಡ್ನಿ ಸೋತ ಬೆಕ್ಕಿನ ಆರೈಕೆ: ಮಾಡಿ ನೋಡಿದ ದಾರಿಗಳ ಹೋಲಿಕೆ

ಬೆಕ್ಕಿಗೆ ಕಿಡ್ನಿ ತೊಂದರೆ ಅಂತ ಗೊತ್ತಾದ ಮೇಲೆ ಸಲಹೆಗಳಿಗೇನೂ ಬರವಿಲ್ಲ. ಡ್ರಿಪ್ ಹಾಕಿ, ರೀನಲ್ ಫುಡ್ (ಕಿಡ್ನಿ ಕಾಯಿಲೆಗೆಂದೇ ಮಾಡಿದ ಊಟ) ಕೊಡಿ, ರಕ್ತದಲ್ಲಿ ಏರುವ ಫಾಸ್ಫರಸ್ ಇಳಿಸಿ, ಹಸಿವಿಗೆ ಔಷಧಿ ಕೊಡಿ. ಎಲ್ಲವೂ ಸರಿಯೇ. ಆದರೆ ಪ್ರತಿಯೊಂದಕ್ಕೂ ಎರಡು ಮೂರು ದಾರಿಗಳಿವೆ. ಅದರಲ್ಲಿ ಯಾವುದನ್ನು ತಿಂಗಳುಗಟ್ಟಲೆ ನಡೆಸಿಕೊಂಡು ಹೋಗಬಹುದು ಅನ್ನೋದು ಪುಸ್ತಕದಲ್ಲಿ ಸಿಗುವುದಿಲ್ಲ.

ನಮ್ಮ ಚುಕ್ಕಿ ವಯಸ್ಸಾದ ಹೆಣ್ಣು ಬೆಕ್ಕು. ನಿಧಾನವಾಗಿ ಕೆಡುವ ಬಗೆಯ ಕಿಡ್ನಿ ಕಾಯಿಲೆ. ಗೊತ್ತಾಗುವಾಗಲೇ ಮೂರನೇ ಹಂತ, ಅಂದರೆ ಡೆಸಿಲೀಟರ್ ರಕ್ತಕ್ಕೆ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ) 2.9ರಿಂದ 5.0 ಮಿಲಿಗ್ರಾಂ ನಡುವೆ. ಇಲ್ಲಿ ಬರೆದದ್ದೆಲ್ಲ ಆ ಕಾಯಿಲೆಗೆ ಮಾತ್ರ. ಲಿಲ್ಲಿ ಗಿಡ ಕಚ್ಚಿ ಕಿಡ್ನಿ ದಿಢೀರನೆ ಕೆಟ್ಟರೆ, ಅಥವಾ ಗಂಡು ಬೆಕ್ಕಿಗೆ ಮೂತ್ರ ಕಟ್ಟಿದರೆ ಹೋಲಿಕೆ ಗೀಲಿಕೆ ಏನೂ ಇಲ್ಲ. ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು.

ನನ್ನ ಅಳತೆಗೋಲು ಒಂದೇ. ಇದನ್ನು ಮಾಡಿದ ಮೇಲೆ ಬೆಕ್ಕು ಮತ್ತೆ ನನ್ನ ಹತ್ತಿರ ಬರುತ್ತದಾ? ತಟ್ಟೆಯ ಹತ್ತಿರ ಹೋಗುತ್ತದಾ? ಔಷಧಿ ಎಷ್ಟೇ ಒಳ್ಳೆಯದಿರಲಿ, ಬೆಕ್ಕು ಮಂಚದಡಿ ಸೇರಿಕೊಂಡರೆ ನಾಳೆಯ ಡೋಸ್ ತಪ್ಪಿತು ಅಂತಲೇ ಲೆಕ್ಕ.

ಡ್ರಿಪ್: ಆಸ್ಪತ್ರೆಯಲ್ಲಾ, ಮನೆಯಲ್ಲಾ?

ಕಿಡ್ನಿ ಕೆಟ್ಟ ಬೆಕ್ಕಿಗೆ ಮೂತ್ರವನ್ನು ಗಟ್ಟಿ ಮಾಡುವ ಶಕ್ತಿ ಇರುವುದಿಲ್ಲ. ನೀರು ಹಾಗೇ ಹೊರಗೆ ಹೋಗುತ್ತದೆ. ಎಷ್ಟು ಕುಡಿದರೂ ಸಾಲದು. ಅದಕ್ಕೇ ಚರ್ಮದ ಕೆಳಗೆ ದ್ರವ ಕೊಡುವುದು. ಸಾಮಾನ್ಯವಾಗಿ ಒಂದು ಸಲಕ್ಕೆ 100 ಮಿಲಿ ಆಸುಪಾಸು, ದಿನಾ ಅಥವಾ ದಿನ ಬಿಟ್ಟು ದಿನ. ನಿಮ್ಮ ಬೆಕ್ಕಿಗೆ ಎಷ್ಟು ಅನ್ನೋದನ್ನು ಡಾಕ್ಟರೇ ಹೇಳಬೇಕು. ಹೃದಯದ ತೊಂದರೆಯೂ ಇದ್ದರೆ ಜಾಸ್ತಿ ದ್ರವ ಶ್ವಾಸಕೋಶದ ಸುತ್ತ ತುಂಬಿಕೊಂಡು ಉಸಿರಿಗೇ ಕುತ್ತು ಬರಬಹುದು.

ಆಸ್ಪತ್ರೆಯಲ್ಲಿ ಕೆಲಸ ಬೇಗ ಮುಗಿಯುತ್ತದೆ. ಕೈ ಪಳಗಿದವರು, ಸೂಜಿ ಒಂದೇ ಸಲಕ್ಕೆ ಹೋಗುತ್ತದೆ. ಆದರೆ ಅದಕ್ಕೂ ಮುಂಚೆ ಬುಟ್ಟಿಗೆ ತುಂಬುವ ಜಗಳ, ದಾರಿಯುದ್ದಕ್ಕೂ ಅಳು, ಅಲ್ಲಿ ಹೋದರೆ ನಾಯಿಗಳ ಬೊಗಳಾಟ. ಮನೆಗೆ ಬಂದ ಚುಕ್ಕಿ ಸಂಜೆವರೆಗೆ ಏನೂ ಮುಟ್ಟುತ್ತಿರಲಿಲ್ಲ. ಡ್ರಿಪ್‌ನಿಂದ ಬಂದ ಲಾಭ ಊಟ ಬಿಟ್ಟಿದ್ದರಿಂದ ಹೋಯಿತು. ಮನೆಯಲ್ಲಿ ನನ್ನ ಕೈ ಮೊದಮೊದಲು ನಡುಗುತ್ತಿತ್ತು, ಆದರೂ ಡ್ರಿಪ್ ಮುಗಿದ ತಕ್ಷಣ ಅವಳು ತಟ್ಟೆಯ ಕಡೆ ನಡೆದಳು. ಅಲ್ಲಿಗೆ ಈ ಪ್ರಶ್ನೆ ಮುಗಿಯಿತು.

ಬಾಟಲಿಯಲ್ಲಿ ಯಾವುದು? ರಿಂಗರ್ ಲ್ಯಾಕ್ಟೇಟ್ (ಹಲವು ಲವಣಗಳ ದ್ರವ) ಮತ್ತು ನಾರ್ಮಲ್ ಸಲೈನ್ (ಬರೀ ಉಪ್ಪುನೀರು) ಎರಡನ್ನೂ ಕೊಟ್ಟು ನೋಡಿದ್ದೇವೆ. ಸಲೈನ್‌ನಲ್ಲಿ ಲೀಟರಿಗೆ ಸೋಡಿಯಂ 154 ಮಿಲಿಮೋಲ್, ರಿಂಗರ್‌ನಲ್ಲಿ 130. ರಿಂಗರ್‌ನಲ್ಲಿ ಸ್ವಲ್ಪ ಪೊಟ್ಯಾಸಿಯಂ ಕೂಡ ಇದೆ, ಕಿಡ್ನಿ ಬೆಕ್ಕುಗಳಿಗೆ ಹೆಚ್ಚಾಗಿ ಕಡಿಮೆಯಾಗುವುದೇ ಅದು. ಸಲೈನ್ ಹುಳಿ ಗುಣದ್ದು, ಒಳಗೆ ಉರಿಯುತ್ತದೆ. ಸಲೈನ್ ಹರಿಯುವಾಗ ಚುಕ್ಕಿ ಬೆನ್ನಿನ ಚರ್ಮ ಅದುರಿಸುತ್ತಿದ್ದಳು, ಬಾಲ ಬಡಿಯುತ್ತಿದ್ದಳು. ರಿಂಗರ್‌ಗೆ ಅದೇನೂ ಇಲ್ಲ. ಡಾಕ್ಟರ್ ಬೇರೆ ಕಾರಣಕ್ಕೆ ಸಲೈನೇ ಬೇಕು ಅನ್ನದಿದ್ದರೆ ನನ್ನ ಓಟು ರಿಂಗರ್‌ಗೆ. ಡೆಕ್ಸ್‌ಟ್ರೋಸ್ (ಸಕ್ಕರೆ ನೀರು) ಬಾಟಲಿ ನೋಡಲು ಒಂದೇ ಥರ ಇರುತ್ತದೆ, ಅದನ್ನು ಚರ್ಮದ ಕೆಳಗೆ ಹಾಕುವಂತಿಲ್ಲ. ಲೇಬಲ್ ಓದಿಯೇ ಚುಚ್ಚಿ.

ಇನ್ನು ತೂಗುಬಾಟಲಿಯೋ ಸಿರಿಂಜೋ. ಇದರ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳಬೇಕು, ಯಾಕೆಂದರೆ ಜನ ಕೈಚೆಲ್ಲುವುದು ಇಲ್ಲೇ.

ತೂಗುಬಾಟಲಿ ಅಂದರೆ ಕಿಟಕಿಯ ಕೊಕ್ಕೆಗೆ ಬಾಟಲಿ ನೇತುಹಾಕಿ ನಳಿಕೆಯಲ್ಲಿ ಇಳಿಬಿಡುವುದು. ಎತ್ತರ ಜಾಸ್ತಿಯಾದಷ್ಟೂ ಬೇಗ ಹರಿಯುತ್ತದೆ. ಒಂದು ಕೈ ಸೂಜಿಯ ಮೇಲಿದ್ದರೆ ಇನ್ನೊಂದು ಕೈ ಬೆಕ್ಕಿನ ಗಲ್ಲ ಕೆರೆಯಲು ಖಾಲಿ. ಇದೇ ಇದರ ದೊಡ್ಡ ಲಾಭ. ತೊಂದರೆ ಏನು ಅಂದರೆ ಬೆಕ್ಕು ಸ್ವಲ್ಪ ತಿರುಗಿದರೂ ಸೂಜಿಯ ಬಾಯಿ ಚರ್ಮಕ್ಕೆ ಒತ್ತಿಕೊಂಡು ಹನಿ ನಿಂತುಹೋಗುತ್ತದೆ. ಆಗ ಸೂಜಿಯನ್ನು ಒಂಚೂರು ಹಿಂದಕ್ಕೆಳೆದು ತಿರುಗಿಸಬೇಕು.

ಸಿರಿಂಜ್ ದಾರಿಯಲ್ಲಿ 50 ಮಿಲಿಯ ದೊಡ್ಡ ಸಿರಿಂಜ್‌ಗೆ ರೆಕ್ಕೆ ಇರುವ ಸೂಜಿ ಮತ್ತು ಸಣ್ಣ ನಳಿಕೆ ಸಿಕ್ಕಿಸಿ ಕೈಯಿಂದ ತಳ್ಳುವುದು. ಎಷ್ಟು ಹೋಯಿತು ಅನ್ನೋದು ಕರಾರುವಾಕ್ಕಾಗಿ ಗೊತ್ತಾಗುತ್ತದೆ. ಒಂದು ನಿಮಿಷವೂ ಕೂರದ ಬೆಕ್ಕಿಗೆ ಇದು ವಾಸಿ. ಆದರೆ ಎರಡು ಸಲ ತುಂಬಿಸಬೇಕು, ಹೆಬ್ಬೆರಳು ನೋಯುತ್ತದೆ, ಅವಸರದಲ್ಲಿ ಜೋರಾಗಿ ತಳ್ಳಿದರೆ ಬೆಕ್ಕಿಗೆ ಒತ್ತಿದಂತಾಗಿ ಎದ್ದು ಹೋಗುತ್ತದೆ. ಚುಕ್ಕಿ ಹಾಗೆ ಎದ್ದು ಹೋಗಿದ್ದೇ ಜಾಸ್ತಿ. ನಮ್ಮಲ್ಲಿ ತೂಗುಬಾಟಲಿ ನಿಂತಿತು, ಸಿರಿಂಜ್ ಬೇರೆ ಕಡೆ ಉಳಿಯಬೇಕಾದಾಗ ಮಾತ್ರ.

ಸೂಜಿಯ ವಿಷಯದಲ್ಲಿ ತೆಳು ಇದ್ದಷ್ಟೂ ಒಳ್ಳೆಯದು ಅಂತ ಅನ್ನಿಸುತ್ತದೆ, ಅಲ್ವಾ? ಹಾಗಲ್ಲ. ನಂಬರ್ ಜಾಸ್ತಿಯಾದಷ್ಟೂ ಸೂಜಿ ತೆಳು. 22 ಗೇಜ್‌ನಲ್ಲಿ ಚುಚ್ಚಿದ್ದು ಗೊತ್ತಾಗುವುದೇ ಇಲ್ಲ, ಆದರೆ ದ್ರವ ತೊಟ್ಟಿಕ್ಕುತ್ತಾ ಕೂತರೆ ಬೆಕ್ಕಿನ ತಾಳ್ಮೆ ಮೊದಲು ಮುಗಿಯುತ್ತದೆ. 18 ಗೇಜ್‌ನಲ್ಲಿ ಬೇಗ ಮುಗಿಯುತ್ತದೆ, ಆದರೆ ಸೂಜಿ ತೆಗೆದ ಮೇಲೆ ತೂತಿನಿಂದ ಒಂದಿಷ್ಟು ಸೋರುತ್ತದೆ, ಬೆರಳಲ್ಲಿ ಒತ್ತಿ ಹಿಡಿಯಬೇಕು. ನಮಗೆ ಒಗ್ಗಿದ್ದು 20. ಪ್ರತಿ ಸಲವೂ ಹೊಸ ಸೂಜಿ. ಒಂದು ಸಲ ಚುಚ್ಚಿದ ಸೂಜಿಯ ಮೊನೆ ಮೊಂಡಾಗಿರುತ್ತದೆ, ಸೋಂಕಿನ ಭಯ ಬೇರೆ.

ಹೆಗಲುಗಳ ನಡುವಿನ ಚರ್ಮವನ್ನು ಎತ್ತಿ ಹಿಡಿದರೆ ಕೆಳಗೆ ಸಣ್ಣ ಡೇರೆಯ ಹಾಗೆ ಜಾಗ ಆಗುತ್ತದೆ. ಸೂಜಿಯ ಓರೆ ಬಾಯಿ ಮೇಲಿರಲಿ, ಬೆನ್ನಿಗೆ ಸಮವಾಗಿ ಒಳಗೆ ಬಿಡಿ. ಒಂದು ಸಣ್ಣ ತಡೆ, ಆಮೇಲೆ ಸಡಿಲ. ದ್ರವ ಬಿಟ್ಟ ಮೇಲೆ ಆಚೆ ಬದಿಯ ಕೂದಲು ಮುಟ್ಟಿ ನೋಡಿ. ಒದ್ದೆಯಾಗಿದ್ದರೆ ಸೂಜಿ ಆಚೆಗೆ ಹೊರಬಂದಿದೆ. ಬಾಟಲಿಯನ್ನು ಮುಂಚೆಯೇ ಬಿಸಿನೀರಿನ ಪಾತ್ರೆಯಲ್ಲಿಟ್ಟು ಉಗುರುಬೆಚ್ಚಗೆ ಮಾಡಿಕೊಂಡರೆ ಅರ್ಧ ಜಗಳ ಕಡಿಮೆ. ಮುಗಿದ ಮೇಲೆ ದ್ರವದ ಗಂಟು ಜಾರಿ ಮುಂಗಾಲಿನ ಕಡೆ ಇಳಿಯುತ್ತದೆ, ಹೆದರಬೇಡಿ. ಮಾರನೇ ದಿನವೂ ಕರಗದೆ ಹಾಗೇ ಇದ್ದರೆ ಇನ್ನೊಂದು ಡೋಸ್ ಹಾಕುವ ಮುಂಚೆ ಡಾಕ್ಟರಿಗೆ ಫೋನ್ ಮಾಡಿ.

ಊಟ: ರೀನಲ್ಲಾ, ಮಾಮೂಲಿಯಾ?

ರೀನಲ್ ಫುಡ್‌ನಲ್ಲಿ ಫಾಸ್ಫರಸ್ ಕಡಿಮೆ, ಪ್ರೋಟೀನ್ ಮಿತ, ಒಮೆಗಾ-3 ಜಾಸ್ತಿ. ಇದನ್ನು ತಿನ್ನುವ ಬೆಕ್ಕುಗಳು ಹೆಚ್ಚು ಕಾಲ ಚೆನ್ನಾಗಿರುತ್ತವೆ ಅನ್ನೋದಕ್ಕೆ ಆಧಾರ ಗಟ್ಟಿಯಾಗಿದೆ. ಕಿಡ್ನಿ ಚಿಕಿತ್ಸೆಯಲ್ಲಿ ಇಷ್ಟು ಗಟ್ಟಿ ಆಧಾರ ಇರುವ ವಿಷಯಗಳು ಜಾಸ್ತಿ ಇಲ್ಲ. ಹಾಗಾಗಿ ಮೊದಲ ಪ್ರಯತ್ನ ಅದಕ್ಕೇ ಇರಲಿ.

ವೆಟ್ ಮತ್ತು ಡ್ರೈ ನಡುವೆ ನನಗೆ ಅನುಮಾನವೇ ಇಲ್ಲ. ವೆಟ್‌ನಲ್ಲಿ ಮುಕ್ಕಾಲು ಪಾಲು ನೀರು, ಡ್ರೈನಲ್ಲಿ ಹತ್ತನೇ ಒಂದು ಪಾಲು ಅಷ್ಟೇ. ರಾಯಲ್ ಕ್ಯಾನಿನ್ ರೀನಲ್, ಹಿಲ್ಸ್ ಕೆ/ಡಿ ಎರಡೂ ನೋಡಿದೆವು. ಬ್ರ್ಯಾಂಡಿಗಿಂತ ಚುಕ್ಕಿಗೆ ಮುಖ್ಯವಾಗಿದ್ದು ಆಹಾರದ ರೂಪ. ಗ್ರೇವಿಯಲ್ಲಿ ತುಂಡು ಇದ್ದರೆ ಗ್ರೇವಿ ನೆಕ್ಕಿ ತುಂಡು ಬಿಡುವಳು. ನುಣ್ಣಗಿನ ಪೇಸ್ಟನ್ನು ಸ್ವಲ್ಪ ಬೆಚ್ಚಗೆ ಮಾಡಿ ಕೊಟ್ಟರೆ ತಟ್ಟೆ ಖಾಲಿ. ನಿಮ್ಮ ಬೆಕ್ಕು ಉಲ್ಟಾ ಇರಬಹುದು, ಎರಡು ಥರವನ್ನೂ ಸಣ್ಣ ಪ್ಯಾಕ್‌ನಲ್ಲಿ ತಂದು ನೋಡಿ.

ಹೊಟ್ಟೆ ತೊಳಸುತ್ತಿರುವಾಗ ಮಾತ್ರ ಹೊಸ ಆಹಾರ ಶುರು ಮಾಡಬೇಡಿ. ಬೆಕ್ಕು ಆ ಸಂಕಟವನ್ನು ಆ ವಾಸನೆಗೇ ಗಂಟುಹಾಕಿಕೊಳ್ಳುತ್ತದೆ, ಆಮೇಲೆ ಜನ್ಮದಲ್ಲಿ ಮುಟ್ಟುವುದಿಲ್ಲ. ವಾಂತಿ ನಿಂತ ಮೇಲೆ ಹಳೆಯದಕ್ಕೆ ಹೊಸದನ್ನು ಚಮಚ ಚಮಚವಾಗಿ ಬೆರೆಸುತ್ತಾ ವಾರಗಟ್ಟಲೆ ಹೋಗಲಿ. ಹಸಿವಾದರೆ ತಾನೇ ತಿನ್ನುತ್ತೆ ಅಂತ ಉಪವಾಸ ಕೆಡವುವ ಉಪಾಯ ಬೆಕ್ಕಿಗೆ ನಡೆಯುವುದಿಲ್ಲ. ಕೆಲವೇ ದಿನ ತಿನ್ನದಿದ್ದರೂ ಲಿವರ್‌ನಲ್ಲಿ ಕೊಬ್ಬು ತುಂಬಿಕೊಂಡು ಅದೇ ಪ್ರಾಣಕ್ಕೆ ಬರುತ್ತದೆ. ತಿನ್ನದ ರೀನಲ್ ಫುಡ್‌ಗಿಂತ ತಿನ್ನುವ ಮಾಮೂಲಿ ಊಟವೇ ಮೇಲು.

ಮಾಮೂಲಿ ಊಟವೇ ಗತಿ ಅಂತಾದಾಗ ಫಾಸ್ಫರಸ್ ಹಿಡಿಯುವ ಪುಡಿ ಬೇಕಾಗುತ್ತದೆ. ಮೂರನೇ ಹಂತದಲ್ಲಿ ಡೆಸಿಲೀಟರ್ ರಕ್ತಕ್ಕೆ ಫಾಸ್ಫರಸ್ 5.0 ಮಿಲಿಗ್ರಾಂಗಿಂತ ಕೆಳಗಿರಬೇಕು ಅನ್ನೋದು ಗುರಿ. ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಪುಡಿಗೆ ರುಚಿ ಇಲ್ಲ, ಊಟದಲ್ಲಿ ಕಲಸಿದರೆ ಗೊತ್ತಾಗುವುದಿಲ್ಲ. ಆದರೆ ಮಲ ಗಟ್ಟಿಯಾಗುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಸುಲಭವಾಗಿ ಸಿಗುತ್ತದೆ, ರಕ್ತದಲ್ಲಿ ಕ್ಯಾಲ್ಸಿಯಂ ಏರದಂತೆ ಪರೀಕ್ಷೆ ಮಾಡಿಸುತ್ತಿರಬೇಕು. ನಮಗೆ ಮೊದಲನೆಯದೇ ಸರಿಹೋಯಿತು. ಯಾವುದೇ ಆದರೂ ಊಟದ ಜೊತೆಗೇ ಹೋಗಬೇಕು, ಅದು ಕೆಲಸ ಮಾಡುವುದು ಹೊಟ್ಟೆಯೊಳಗಿನ ಆಹಾರದ ಮೇಲೆ. ಬರೀ ಹೊಟ್ಟೆಗೆ ಕೊಟ್ಟರೆ ಸುಮ್ನೆ ದಂಡ. ಮನುಷ್ಯರ ಆಸಿಡಿಟಿ ಸಿರಪ್‌ನಲ್ಲೂ ಇದೇ ಇದೆಯಲ್ಲ ಅಂತ ಅದನ್ನು ಕೊಡಲು ಹೋಗಬೇಡಿ. ಹೆಚ್ಚಿನವುಗಳಲ್ಲಿ ಮೆಗ್ನೀಸಿಯಂ ಸೇರಿರುತ್ತದೆ, ಪುದೀನ ವಾಸನೆ ಬೇರೆ.

ಹಸಿವಿನ ಔಷಧಿ: ಮಾತ್ರೆಯಾ, ಕಿವಿಗೆ ಹಚ್ಚುವುದಾ?

ಇದಕ್ಕೂ ಮುಂಚೆ ಒಂದು ಮಾತು. ಬೆಕ್ಕು ತಟ್ಟೆಯ ಹತ್ತಿರ ಹೋಗಿ, ಮೂಸಿ, ತುಟಿ ನೆಕ್ಕಿಕೊಂಡು, ಮುಖ ತಿರುಗಿಸಿತಾ? ಅದು ಹಸಿವಿಲ್ಲದ್ದಲ್ಲ, ವಾಕರಿಕೆ. ಅದಕ್ಕೆ ಮೊದಲು ವಾಂತಿಯ ಔಷಧಿ, ಮಾರೋಪಿಟಂಟ್‌ನಂಥದ್ದು. ಚುಕ್ಕಿಗೆ ಅದೊಂದೇ ಎಷ್ಟೋ ದಿನ ಸಾಕಾಯಿತು.

ಸಾಲದಾದಾಗ ಮಿರ್ಟಜಪೀನ್ ಅನ್ನೋ ಹಸಿವಿನ ಔಷಧಿ. ಮನುಷ್ಯರ 15 ಮಿಲಿಗ್ರಾಂ ಮಾತ್ರೆಯನ್ನು ಎಂಟು ಚೂರು ಮಾಡಿದರೆ ಒಂದು ಚೂರಿನಲ್ಲಿ ಸುಮಾರು 1.88 ಮಿಲಿಗ್ರಾಂ. ಕಿಡ್ನಿ ಬೆಕ್ಕಿಗೆ ಅದನ್ನೂ ದಿನ ಬಿಟ್ಟು ದಿನ ಕೊಡುವುದು ರೂಢಿ. ಮಾತ್ರೆ ಕತ್ತರಿಸಿ ನೋಡಿ, ಎಂಟು ಚೂರು ಎಂಟು ಅಳತೆ. ದೊಡ್ಡ ಚೂರು ಬಿದ್ದ ರಾತ್ರಿ ಚುಕ್ಕಿ ಮನೆಯೆಲ್ಲಾ ಓಡಾಡಿ ಕೂಗುತ್ತಿದ್ದಳು. ಊಟ ಮಾಡಿದಳು ನಿಜ, ಯಾರಿಗೂ ನಿದ್ದೆ ಇಲ್ಲ.

ಅದೇ ಔಷಧಿ ಕಿವಿಯ ಒಳಬದಿಗೆ ಹಚ್ಚುವ ಮುಲಾಮಾಗಿಯೂ ಬರುತ್ತದೆ. ಬೆಕ್ಕುಗಳಿಗೆಂದೇ ಮಾಡಿದ್ದಕ್ಕೆ ಅಮೆರಿಕದಲ್ಲಿ 2018ರಲ್ಲಿ ಅನುಮತಿ ಸಿಕ್ಕಿದೆ. ಬಾಯಿ ತೆರೆಸುವ ಗಲಾಟೆ ಇಲ್ಲ. ಕೈಗವಸು ಹಾಕಿಕೊಂಡು, ದಿನಕ್ಕೊಂದು ಕಿವಿಯಂತೆ ಬದಲಿಸಿ ಹಚ್ಚಬೇಕು. ಕೈಗವಸು ಬೇಕೇ ಬೇಕು, ನಮ್ಮ ಚರ್ಮವೂ ಅದನ್ನು ಹೀರಿಕೊಳ್ಳುತ್ತದೆ. ಕಿವಿ ಸ್ವಲ್ಪ ಕೆಂಪಾಗುವುದುಂಟು. ನನ್ನ ಅಳತೆಗೋಲಿನಲ್ಲಿ ಇದೇ ಗೆದ್ದಿತು. ಮಾತ್ರೆ ನುಂಗಿಸಿದ ಮೇಲೆ ಅವಳು ಓಡಿಹೋಗುತ್ತಿದ್ದಳು, ಮುಲಾಮು ಹಚ್ಚಿದ ಮೇಲೆ ತಲೆ ಕೊಡವಿ ಅಲ್ಲೇ ಕೂರುತ್ತಿದ್ದಳು.

ಬಿ.ಪಿ. ಮಾತ್ರೆಯಂಥವಕ್ಕೆ ಮುಲಾಮಿನ ಭಾಗ್ಯ ಇಲ್ಲ, ನುಂಗಿಸಲೇಬೇಕು. ಅದನ್ನು ಪುಡಿ ಮಾಡಿ ಊಟಕ್ಕೆ ಬೆರೆಸುವುದಕ್ಕಿಂತ ಬೇರೆಯಾಗಿ ನುಂಗಿಸಿ, ಹಿಂದೆಯೇ ಸಿರಿಂಜ್‌ನಲ್ಲಿ ಸ್ವಲ್ಪ ನೀರು ಬಿಡುವುದು ವಾಸಿ. ಕಹಿಯಾದ ಊಟವನ್ನು ಬೆಕ್ಕು ಮರೆಯುವುದಿಲ್ಲ.

ಕುಡಿಯುವ ನೀರಿನ ಕಾರಂಜಿ ಬಗ್ಗೆ ಬಹಳ ಕೇಳಿದ್ದೆ. ಚುಕ್ಕಿ ಅದನ್ನು ನೋಡುತ್ತಾ ಕೂತಳು, ಕುಡಿಯಲಿಲ್ಲ. ಒಳಗೆ ಲೋಳೆ ಕಟ್ಟುವುದನ್ನು ತೊಳೆಯುವ ಕೆಲಸ ನಮಗೆ. ಅಗಲ ಬಾಯಿಯ ಬಟ್ಟಲುಗಳನ್ನು ಅಲ್ಲಲ್ಲಿ ಇಟ್ಟಿದ್ದೇ ಸಾಕಾಯಿತು.

ಕೊನೆಯದಾಗಿ, ಬೆಕ್ಕು ಹೇಗಿದೆ ಅಂತ ತಿಳಿಯಲು ರಕ್ತ ಪರೀಕ್ಷೆಯೋ ಮನೆಯ ತೂಕದ ಯಂತ್ರವೋ? ಎರಡೂ ಬೇಕು, ಆದರೆ ತೂಕಕ್ಕೆ ಜನ ಕೊಡಬೇಕಾದಷ್ಟು ಬೆಲೆ ಕೊಡುವುದಿಲ್ಲ. ಕ್ರಿಯಾಟಿನಿನ್ ಹುಟ್ಟುವುದು ಮಾಂಸಖಂಡದಿಂದ. ಬೆಕ್ಕು ಸೊರಗಿ ಮಾಂಸ ಕರಗಿದರೆ ಕಿಡ್ನಿ ಸುಧಾರಿಸದೇ ಆ ಸಂಖ್ಯೆ ಇಳಿಯುತ್ತದೆ. ಚುಕ್ಕಿಯ ಒಂದು ರಿಪೋರ್ಟ್ ಹಿಂದಿನದಕ್ಕಿಂತ ಚೆನ್ನಾಗಿ ಬಂದಾಗ ಮನೆಯವರಿಗೆಲ್ಲ ಖುಷಿ. ವಾರವಾರ ಬರೆದಿಟ್ಟ ತೂಕದ ಪಟ್ಟಿ ನೋಡಿದರೆ ಇಳಿಮುಖ. ಡಾಕ್ಟರಿಗೆ ಪಟ್ಟಿ ತೋರಿಸಿದಾಗ ಅವರು ಎಸ್‌ಡಿಎಮ್‌ಎ ಅನ್ನೋ ಇನ್ನೊಂದು ಕಿಡ್ನಿಯ ರಕ್ತ ಪರೀಕ್ಷೆ ಬರೆದುಕೊಟ್ಟರು. ಅದಕ್ಕೆ ಮಾಂಸಖಂಡದ ಹಂಗು ಅಷ್ಟಾಗಿ ಇಲ್ಲ. ಆ ಸಂಖ್ಯೆ ಇಳಿದಿರಲಿಲ್ಲ. ಡ್ರಿಪ್ ಹಾಗೇ ಮುಂದುವರಿಯಿತು, ಊಟದ ಅಳತೆ ಹೆಚ್ಚಾಯಿತು. ಚಿಕ್ಕ ಮಕ್ಕಳನ್ನು ತೂಗುವ ಯಂತ್ರ ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಬೆಕ್ಕನ್ನು ಎತ್ತಿಕೊಂಡು ಒಂದು ಸಲ, ಬಿಟ್ಟು ಒಂದು ಸಲ ನೀವೇ ನಿಂತು ಕಳೆದರೂ ಅಂದಾಜು ಸಿಗುತ್ತದೆ, ಆದರೆ ನೂರು ಗ್ರಾಂ ಇಳಿದದ್ದನ್ನು ಅದು ಹಿಡಿಯುವುದಿಲ್ಲ.